ಅಚ್ಚಿಗೆ ಮೊದಲು ಗೆಳೆಯರ ಕಿವಿಗೆ

ಕನ್ನಡದಲ್ಲಿ ಹೇಳಿಕೊಳ್ಳುವಂಥ ಐತಿಹಾಸಿಕ ನಾಟಕಗಳಿಲ್ಲ ಎಂಬರ್ಥದ ಮಾತೊಂದನ್ನು ವಿಮರ್ಶಕ ಕೀರ್ತಿನಾಥ ಕುರ್ತಕೋಟಿ ಬರೆದರು. ಧಾರವಾಡದ ಮನೋಹರ ಗ್ರಂಥಮಾಲೆ ತನ್ನ ಬೆಳ್ಳಿಹಬ್ಬದ ನೆಪದಲ್ಲಿ ‘ನಡೆದು ಬಂದ ದಾರಿ’ ಸಂಪುಟಗಳನ್ನು ತರುತ್ತಿದ್ದ ಕಾಲ ಅದು. ಹೊಸಗನ್ನಡ ಸಾಹಿತ್ಯದ ಸಮೀಕ್ಷೆ ಬರೆಯುವ ಹೊಣೆ ಕುರ್ತಕೋಟಿಯವರ ಹೆಗಲಿಗೆ ಬಿದ್ದಿತ್ತು. ಅದನ್ನು ಓದಿದ ತರುಣನೊಬ್ಬನಿಗೆ ಆ ಮಾತು ನಾಟಿತು. ಭಾರತದ ಇತಿಹಾಸದ ಪುಸ್ತಕ ತೆರೆದು, ಒಬ್ಬೊಬ್ಬ ಅರಸನನ್ನೇ ದಾಟುತ್ತ ಹೋದವನು ಹದಿನಾಲ್ಕನೆಯ ಶತಮಾನದ ದಿಲ್ಲಿ ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ಹತ್ತಿರ ಬಂದು ನಿಂತ. ‘ತುಘಲಕ್’ ನಾಟಕ ಪ್ರಕಟವಾದದ್ದು 1964ರಲ್ಲಿ. ಗಿರೀಶ ಕಾರ್ನಾಡರಿಗೆ ಆಗ ಇಪ್ಪತ್ತಾರು ವರ್ಷ.

ಈ ಪ್ರಸಂಗವನ್ನು ಕಾರ್ನಾಡರೇ ಹಲವು ಸಲ ಹೇಳಿಕೊಂಡಿದ್ದಾರೆ. ಕೇಳಿದವರ ಗಮನವೆಲ್ಲ ಸಾಮಾನ್ಯವಾಗಿ ನಾಟಕದ ಹುಟ್ಟಿನ ಕಡೆಗೇ ಹೋಗುತ್ತದೆ. ಆದರೆ ಮಾತು ಆಡಿದವರಿಗೂ ಅದನ್ನು ಮನಸ್ಸಿಗೆ ಹಚ್ಚಿಕೊಂಡವರಿಗೂ ನಡುವೆ ಇದ್ದ ನಂಟೂ ಅಷ್ಟೇ ಕುತೂಹಲದ್ದು. ಇಬ್ಬರೂ ಒಂದೇ ಕೋಣೆಯಲ್ಲಿ ಕೂತು ಗಂಟೆಗಟ್ಟಲೆ ಹರಟಿದವರು. ಗುರುತಿಲ್ಲದ ವಿಮರ್ಶಕನೊಬ್ಬ ಹಾಗೆ ಬರೆದಿದ್ದರೆ ಅದು ಹತ್ತರಲ್ಲಿ ಹನ್ನೊಂದನೆಯ ಅಭಿಪ್ರಾಯವಾಗಿ ಉಳಿದುಬಿಡುತ್ತಿತ್ತು. ಗೆಳೆಯ ಬರೆದದ್ದರಿಂದ ಅದು ಮಾಡಿ ತೋರಿಸಬೇಕಾದ ಕೆಲಸವಾಯಿತು.

ಆ ಕೋಣೆಗೆ ಧಾರವಾಡದಲ್ಲಿ ‘ಅಟ್ಟ’ ಎಂದೇ ಹೆಸರು. ಸುಭಾಸ ರಸ್ತೆಯ ಕಟ್ಟಡವೊಂದರಲ್ಲಿ ಮೆಟ್ಟಿಲು ಹತ್ತಿ ಹೋದರೆ ಸಿಗುವ ಮನೋಹರ ಗ್ರಂಥಮಾಲೆಯ ಕಚೇರಿ ಅದು. ಕೆಳಗೆ ಪೇಟೆಯ ಗದ್ದಲ, ಮೇಲೆ ಪುಸ್ತಕಗಳ ರಾಶಿ. ಗ್ರಂಥಮಾಲೆಯನ್ನು ಕಟ್ಟಿದ ಜಿ.ಬಿ. ಜೋಶಿ (1904–1993) ‘ಜಡಭರತ’ ಎಂಬ ಹೆಸರಿನಲ್ಲಿ ನಾಟಕ, ಕಾದಂಬರಿಗಳನ್ನು ಬರೆದವರು, ಬಿ.ವಿ. ಕಾರಂತರು ರಂಗಕ್ಕೆ ತಂದ ‘ಸತ್ತವರ ನೆರಳು’ ಅವರದೇ ನಾಟಕ. 1933ರಲ್ಲಿ ಗ್ರಂಥಮಾಲೆ ಶುರುವಾದಾಗ ಅವರ ಕೈಯಲ್ಲಿ ದೊಡ್ಡ ಬಂಡವಾಳವೇನೂ ಇರಲಿಲ್ಲ. ಓದುಗರಿಂದ ವರ್ಷದ ಚಂದಾ ಪಡೆಯುವುದು, ಆ ದುಡ್ಡಿನಲ್ಲಿ ಅಚ್ಚು ಹಾಕಿಸಿ ಪುಸ್ತಕಗಳನ್ನು ಅವರ ಮನೆಗೆ ಮುಟ್ಟಿಸುವುದು: ಅವರು ಹಿಡಿದ ದಾರಿ ಇಷ್ಟು ಸರಳ. ಯಾವ ಪುಸ್ತಕ ಬರುತ್ತದೆ, ಯಾರು ಬರೆದದ್ದು ಎಂದು ಗೊತ್ತಾಗುವ ಮೊದಲೇ ಚಂದಾದಾರ ದುಡ್ಡು ಕೊಡಬೇಕು. ಆ ನಂಬಿಕೆಯನ್ನು ಜಿ.ಬಿ. ದಶಕಗಳ ಕಾಲ ಉಳಿಸಿಕೊಂಡರು ಎಂಬುದೇ ಅವರ ದೊಡ್ಡ ಸಾಧನೆ.

ನಂಬಿಕೆ ಉಳಿದದ್ದಕ್ಕೆ ಕಾರಣ ಅಟ್ಟದ ಮೇಲೆ ನಡೆಯುತ್ತಿದ್ದ ಓದು. ಬಂದ ಹಸ್ತಪ್ರತಿಯನ್ನು ಜಿ.ಬಿ. ಓದುತ್ತಿದ್ದರು, ಕುರ್ತಕೋಟಿ ಓದುತ್ತಿದ್ದರು, ಮಾತಾಗುತ್ತಿತ್ತು. ಕುರ್ತಕೋಟಿಯವರು ಬಹುಕಾಲ ಗುಜರಾತಿನ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರೂ ಅಟ್ಟದವರೇ ಆಗಿದ್ದರು. ಗಣಿತ, ಸಂಖ್ಯಾಶಾಸ್ತ್ರ ಓದಿ 1958ರಲ್ಲಿ ಕರ್ನಾಟಕ ಕಾಲೇಜಿನಿಂದ ಹೊರಬಿದ್ದ ಕಾರ್ನಾಡರು ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡಿಗೆ ಹೋಗುವ ಹೊತ್ತಿನಲ್ಲಿ ಬರೆದ ‘ಯಯಾತಿ’ ಇವರ ಕೈಗೆ ಬಂತು; 1961ರಲ್ಲಿ ಅಚ್ಚಾಯಿತು. ಶಾಂತಿನಾಥ ದೇಸಾಯಿಯವರ ‘ಮುಕ್ತಿ’ ಬಂದದ್ದೂ ಅದೇ ವರ್ಷ. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ, ಎ.ಕೆ. ರಾಮಾನುಜನ್ನರ ಮೊದಲ ಕನ್ನಡ ಕವನಸಂಕಲನ ‘ಹೊಕ್ಕುಳಲ್ಲಿ ಹೂವಿಲ್ಲ’ 1969ರಲ್ಲಿ ಹೊರಬಂದದ್ದು ಇಲ್ಲಿಂದಲೇ. ನವ್ಯ ಸಾಹಿತ್ಯದ ಚರಿತ್ರೆ ಬರೆಯುವವರು ಈ ಅಟ್ಟ ಹತ್ತದೆ ಮುಂದೆ ಹೋಗಲಾರರು. ‘ಯಯಾತಿ’ ಬಂದ ಐವತ್ತನೆಯ ವರ್ಷ, 2011ರಲ್ಲಿ, ಕಾರ್ನಾಡರು ತಮ್ಮ ಆತ್ಮಕತೆ ‘ಆಡಾಡತ ಆಯುಷ್ಯ’ವನ್ನು ಕೊಟ್ಟದ್ದೂ ಇದೇ ಗ್ರಂಥಮಾಲೆಗೆ. ಅಷ್ಟು ಹೊತ್ತಿಗೆ ಅವರಿಗೆ ಜಗತ್ತಿನ ಯಾವ ಪ್ರಕಾಶಕರ ಬಾಗಿಲೂ ತೆರೆದಿತ್ತು.

ಅಟ್ಟದ ಈ ರೀತಿ ಜಿ.ಬಿ. ಜೋಶಿಯವರಿಗೆ ಬಂದದ್ದು ಅದಕ್ಕೂ ಹಿಂದಿನ ಇನ್ನೊಂದು ಕೂಟದಿಂದ. 1920ರ ದಶಕದ ಮೊದಲ ವರ್ಷಗಳಲ್ಲಿ ಧಾರವಾಡದ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರ ಸುತ್ತ ಕೆಲವರು ಕಲೆತರು. ತಮ್ಮನ್ನು ‘ಗೆಳೆಯರ ಗುಂಪು’ ಎಂದು ಕರೆದುಕೊಂಡರು. ಸಂಘ ಅಲ್ಲ, ಪರಿಷತ್ತು ಅಲ್ಲ, ಮಂಡಳಿ ಅಲ್ಲ, ಬರೀ ಗುಂಪು. ‘ಆನಂದಕಂದ’ ಬೆಟಗೇರಿ ಕೃಷ್ಣಶರ್ಮ, ಶಂಬಾ ಜೋಶಿ, ಸಿದ್ಧವನಹಳ್ಳಿ ಕೃಷ್ಣಶರ್ಮ, ರಂ.ಶ್ರೀ. ಮುಗಳಿ, ವಿ.ಕೃ. ಗೋಕಾಕ, ‘ಎನ್ಕೆ’ ಎಂದು ಹೆಸರಾದ ಎನ್.ಕೆ. ಕುಲಕರ್ಣಿ, ಜಿ.ಬಿ. ಜೋಶಿ ಎಲ್ಲರೂ ಬೇರೆ ಬೇರೆ ಕಾಲದಲ್ಲಿ ಅದರೊಳಗೆ ಬಂದವರು. ಕವಿಗಳು, ಕತೆಗಾರರು, ಸಂಶೋಧಕರು, ಇನ್ನೂ ಕಾಲೇಜು ಮುಗಿಸದ ಹುಡುಗರು. ಯಾರ ಬಳಿ ಹೊಸದೊಂದು ಕವಿತೆ ಇದೆಯೋ ಅವರು ಓದಬೇಕು, ಮಿಕ್ಕವರು ಕೇಳಬೇಕು, ಆಮೇಲೆ ಬಿಚ್ಚುಮನಸ್ಸಿನ ಮಾತು.

ಆ ಊರಿನಲ್ಲಿ ಆ ಹೊತ್ತಿಗೇ ಇಂಥ ಗುಂಪು ಏಕೆ ಬೇಕಾಯಿತು ಎಂದು ಕೇಳಿದರೆ ಉತ್ತರ ನಕಾಶೆಯಲ್ಲಿದೆ. ಮೈಸೂರು ಸೀಮೆಯಲ್ಲಿ ಕನ್ನಡಕ್ಕೆ ಒಂದು ಅರಸುಮನೆ ಇತ್ತು. 1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದವು. ಧಾರವಾಡ ಮುಂಬಯಿ ಪ್ರಾಂತದ ದಕ್ಷಿಣ ತುದಿ. ಕಚೇರಿ, ಶಾಲೆ, ರಂಗಭೂಮಿ ಎಲ್ಲದರಲ್ಲೂ ಮರಾಠಿಯದೇ ಮೇಲುಗೈ ಆಗಿದ್ದ ದಿನಗಳನ್ನು ಆ ಊರು ಕಂಡಿತ್ತು. ರಾ.ಹ. ದೇಶಪಾಂಡೆಯವರು 1890ರಲ್ಲಿ ಕಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ ಒಂದು ದೀಪ ಹಚ್ಚಿತ್ತು, ಆಲೂರು ವೆಂಕಟರಾಯರು ‘ಕರ್ನಾಟಕ ಗತವೈಭವ’ ಬರೆದು ಜನರನ್ನು ಎಬ್ಬಿಸಿದ್ದರು. ಆದರೆ ಬರೆಯುವ ಹುಡುಗನಿಗೆ ಸಂಬಳ ಕೊಟ್ಟು ಸಾಕುವ, ಬರೆದದ್ದನ್ನು ಅಚ್ಚು ಹಾಕಿಸುವ, ಓದಿ ಹೇಳುವ ವ್ಯವಸ್ಥೆ ಯಾವುದೂ ಇರಲಿಲ್ಲ. ಸರಕಾರ ಮಾಡಬೇಕಾದ್ದು, ವಿಶ್ವವಿದ್ಯಾಲಯ ಮಾಡಬೇಕಾದ್ದು ಎಲ್ಲ ಗೆಳೆಯರ ಪಾಲಿಗೆ ಬಂತು. ಉತ್ತರ ಕರ್ನಾಟಕದ ಹೊಸಗನ್ನಡವನ್ನು ಬೆಳೆಸಿದ್ದು ಗೆಳೆತನ ಎಂದರೆ ಅದು ಅಲಂಕಾರದ ಮಾತಲ್ಲ, ನಡೆದ ಸಂಗತಿ.

ಆ ಕೆಲಸಗಳ ಹರವು ಬೆರಗು ಹುಟ್ಟಿಸುತ್ತದೆ. ಗೆಳೆಯರು ‘ಸ್ವಧರ್ಮ’ ಎಂಬ ಪತ್ರಿಕೆ ನಡೆಸಿದರು. ಆಲೂರರು 1922ರಲ್ಲಿ ಆರಂಭಿಸಿದ್ದ ‘ಜಯಕರ್ನಾಟಕ’ಕ್ಕೆ ದುಡಿದರು; ಬೇಂದ್ರೆಯವರು ಅದರ ಸಂಪಾದಕತ್ವವನ್ನೂ ಹೊತ್ತರು. 1926ರಲ್ಲಿ ನವರಾತ್ರಿಯ ದಿನಗಳನ್ನು ನಾಡಹಬ್ಬವಾಗಿ ಆಚರಿಸುವ ಪದ್ಧತಿಗೆ ಚಾಲನೆ ಕೊಟ್ಟರು. ಇಂದು ಊರೂರಲ್ಲಿ ನಾಡಹಬ್ಬ ಎಂದು ಉಪನ್ಯಾಸ, ಹಾಡು, ನಾಟಕ ಇಟ್ಟುಕೊಳ್ಳುವವರಲ್ಲಿ ಹೆಚ್ಚಿನವರಿಗೆ ಅದು ಒಂದು ಸ್ನೇಹಕೂಟದಲ್ಲಿ ಹುಟ್ಟಿದ್ದು ಎಂಬ ನೆನಪಿಲ್ಲ.

ಗೋಕಾಕರ ಉದಾಹರಣೆ ಇನ್ನೂ ಒಳಗಿನದು. ಸವಣೂರಿನಿಂದ ಧಾರವಾಡದ ಕಾಲೇಜಿಗೆ ಬಂದ ಈ ಜಾಣ ವಿದ್ಯಾರ್ಥಿ ಮೊದಲು ಕವಿತೆ ಬರೆಯಲು ಹೊರಟದ್ದು ಇಂಗ್ಲಿಷಿನಲ್ಲಿ. ಬೇಂದ್ರೆಯವರ ಒಡನಾಟ ಅವರನ್ನು ಕನ್ನಡದತ್ತ ತಿರುಗಿಸಿತು. ಹಾಗೆ ತಿರುಗಿದ ಹುಡುಗ ಮುಂದೆ ‘ಸಮುದ್ರ ಗೀತೆಗಳು’ ಬರೆದರು, ‘ಭಾರತ ಸಿಂಧು ರಶ್ಮಿ’ ಎಂಬ ಮಹಾಕಾವ್ಯ ಬರೆದರು, ಜ್ಞಾನಪೀಠ ಪಡೆದರು. ಗುರು ಹೇಳಿದರೆ ಶಿಷ್ಯ ಕೇಳುತ್ತಾನೆ, ಸರಿ. ಆದರೆ ಬರೆಯುವ ಭಾಷೆಯನ್ನೇ ಬದಲಿಸುವುದು ಅಪ್ಪಣೆಯಿಂದ ಆಗುವ ಕೆಲಸವಲ್ಲ. ಸಂಜೆ ಸಂಜೆ ಕನ್ನಡದಲ್ಲಿ ಹೊಸ ಕವಿತೆ ಓದುವವರ ನಡುವೆ ಕೂತಾಗ ತನ್ನ ಜೇಬಿನಲ್ಲಿರುವ ಕವಿತೆ ಬೇರೆ ಭಾಷೆಯದು ಎಂಬುದು ತಾನಾಗಿಯೇ ಚುಚ್ಚುತ್ತದೆ.

ಧಾರವಾಡದಿಂದ ಉತ್ತರಕ್ಕೆ, ಮಹಾರಾಷ್ಟ್ರದ ಗಡಿಗೆ ಹತ್ತಿ, ವಿಜಯಪುರ ಜಿಲ್ಲೆಯಲ್ಲಿ ಚಡಚಣದ ಹತ್ತಿರ ಹಲಸಂಗಿ ಎಂಬ ಊರಿದೆ. ಜೋಳ ಬೆಳೆಯುವ ಸೀಮೆ. ಅಲ್ಲಿ ಕಾಲೇಜು ಇರಲಿಲ್ಲ, ಪ್ರೆಸ್ ಇರಲಿಲ್ಲ, ಪ್ರಾಧ್ಯಾಪಕರಂತೂ ಇರಲೇ ಇಲ್ಲ. ಅಂಥ ಊರಿನಲ್ಲಿ ಬೇಂದ್ರೆಯವರ ಗುಂಪಿಗೆ ಸರಿಸಮನಾಗಿ ನಿಲ್ಲುವ ಇನ್ನೊಂದು ಗೆಳೆಯರ ಬಳಗ ಹುಟ್ಟಿತು. ‘ಮಧುರಚೆನ್ನ’ರೆಂದು ಹೆಸರಾದ ಚೆನ್ನಮಲ್ಲಪ್ಪ ಗಲಗಲಿ (1903–1953), ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ. ಮಧುರಚೆನ್ನರ ಶಾಲೆಯ ಓದು ಮುಲ್ಕಿ ಪರೀಕ್ಷೆಗೆ ನಿಂತಿತ್ತು. ಇಂಗ್ಲಿಷನ್ನು ಅವರು ಸ್ವಂತ ಶ್ರಮದಿಂದ ಕಲಿತರು. ಇವರು ಊರಲ್ಲಿ ವಾಚನಾಲಯ ಮಾಡಿಕೊಂಡು ಸಿಕ್ಕ ಪುಸ್ತಕ, ಪತ್ರಿಕೆಗಳನ್ನು ತರಿಸಿ ಒಟ್ಟಿಗೆ ಓದಿದರು, ತಾವು ಬರೆದದ್ದನ್ನು ಒಬ್ಬರಿಗೊಬ್ಬರು ಓದಿ ಹೇಳಿದರು. ಧೂಲಾಸಾಹೇಬರು ಮುಸ್ಲಿಮರು, ಮಧುರಚೆನ್ನರು ಲಿಂಗಾಯತರು. ಆ ಕೂಟದಲ್ಲಿ ಅದು ಯಾರಿಗೂ ಅಡ್ಡ ಬರಲಿಲ್ಲ. ಖಾಜಾಭಾಯಿ ಎಂಬ ಲಾವಣಿಕಾರನ ಹಾಡುಗಳನ್ನು ಡಪ್ಪು, ತುಂತುಣಿಯ ಜೊತೆ ಊರೇ ಕೂತು ಕೇಳಿದ ಹಲಸಂಗಿಯಲ್ಲಿ ಅದು ಹೊಸದೂ ಆಗಿರಲಿಲ್ಲ.

ಬೇರೆಯವರ ಪುಸ್ತಕ ಓದುತ್ತ ಓದುತ್ತ ಈ ಗೆಳೆಯರ ಕಿವಿ ತಮ್ಮ ಮನೆಯ ಒಳಗಡೆಗೆ ತಿರುಗಿತು. ಅಲ್ಲಿ ಬೆಳಗಿನ ಜಾವಕ್ಕೆ ಬೀಸುಕಲ್ಲು ಗುಡುಗುಡಿಸುತ್ತಿತ್ತು.

ಆ ಬೀಸುಕಲ್ಲನ್ನು ಹತ್ತಿರದಿಂದ ನೋಡಬೇಕು. ಇಬ್ಬರು ಹೆಣ್ಣುಮಕ್ಕಳು ಎದುರುಬದುರು ಕೂತಿರುತ್ತಾರೆ. ಒಂದೇ ಗೂಟಕ್ಕೆ ಇಬ್ಬರ ಕೈ. ಒಬ್ಬಳು ಬಿಡುಗೈಯಿಂದ ಕಲ್ಲಿನ ಬಾಯಿಗೆ ಜೋಳದ ಮುಕ್ಕು ಹಾಕುತ್ತಾಳೆ. ಕಲ್ಲಿನ ಸುತ್ತಿಗೆ ಸರಿಯಾಗಿ ಹಾಡು ಏಳುತ್ತದೆ. ಒಬ್ಬಳು ಎತ್ತಿದ ಸಾಲನ್ನು ಇನ್ನೊಬ್ಬಳು ಹಿಡಿಯುತ್ತಾಳೆ. ಎರಡನೆಯ ಸಾಲಿನ ಕೊನೆಯ ಮಾತನ್ನು ಮತ್ತೊಮ್ಮೆ ಹೇಳಿ ಉಸಿರು ತಗೊಂಡು ಮೂರನೆಯ ಸಾಲಿಗೆ ಹೋಗುತ್ತಾರೆ. ತವರು, ಅಣ್ಣ, ತೊಟ್ಟಿಲು, ಮಲ್ಲಯ್ಯ, ಅತ್ತೆಮನೆ. ಮೊನ್ನೆ ಕೇಳಿದ ಹಾಡಿಗೆ ಇಂದು ಒಂದು ಮಾತು ಬೇರೆ ಸೇರುತ್ತದೆ. ಎದುರಿಗೆ ಕೂತವಳು ತಲೆದೂಗಿದರೆ ಅದು ಉಳಿಯುತ್ತದೆ. ಹಿಟ್ಟು ಮುಗಿಯುವ ಹೊತ್ತಿಗೆ ಬೆಳಕು ಹರಿದಿರುತ್ತದೆ. ಈ ಹಾಡನ್ನು ‘ಹೇಳವ್ವಾ, ಬರಕೋತೀನಿ’ ಎಂದು ಎದುರು ಕೂತು ಕೇಳಿದರೆ ಬರುವುದಿಲ್ಲ ಎಂಬುದು ಜನಪದ ಗೀತೆ ಸಂಗ್ರಹಿಸಿದ ಎಲ್ಲರಿಗೂ ಗೊತ್ತು. ಕೈಗೆ ಗೂಟ ಸಿಗಬೇಕು, ಎದುರಿಗೆ ಜೊತೆಗಾತಿ ಬೇಕು. ಬರೆದದ್ದನ್ನು ಹಂಚಿಕೊಳ್ಳುವ ಕೂಟಗಳ ಬಗ್ಗೆ ಮಾತಾಡುವವರು ಮೊದಲು ಈ ಇಬ್ಬರನ್ನು ನೆನೆಯಬೇಕು. ಹೆಸರು ಬರೆದಿಡದ ಕವಿಗಳು ಅವರು; ಒಬ್ಬರಿಗೊಬ್ಬರು ಓದುಗರೂ ವಿಮರ್ಶಕರೂ ಆಗಿದ್ದವರು.

ಹಲಸಂಗಿಯ ಗೆಳೆಯರು ಅದನ್ನು ಕಾಗದಕ್ಕೆ ಇಳಿಸಿದರು. 1931ರಲ್ಲಿ ‘ಗರತಿಯ ಹಾಡು’ ಬಂತು. 1933ರಲ್ಲಿ ಲಾವಣಿಗಳ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’. ತ್ರಿಪದಿ ಎಂದರೆ ಸರ್ವಜ್ಞ ಎಂದಷ್ಟೇ ತಿಳಿದಿದ್ದ ಓದುಬಲ್ಲವರಿಗೆ, ತಮ್ಮದೇ ಅಡುಗೆಮನೆಯ ಪಕ್ಕದಲ್ಲಿ ಇಂಥ ಕಾವ್ಯವಿತ್ತು ಎಂಬುದು ಗೊತ್ತಾದದ್ದು ಆಗ. ಹೊಸಗನ್ನಡದ ಕವಿಗಳು ಇಂಗ್ಲಿಷಿನಿಂದ ಹೊಸ ಛಂದಸ್ಸು ತರುತ್ತಿದ್ದ ದಿನಗಳಲ್ಲಿ ಇದು ಎಷ್ಟು ದೊಡ್ಡ ಕೊಡುಗೆ ಎಂಬುದನ್ನು ಬೇಂದ್ರೆಯವರ ಕವಿತೆಯ ಲಯ ಕೇಳಿದವರು ಬಲ್ಲರು. ಬೇಂದ್ರೆಯವರಿಗೂ ಮಧುರಚೆನ್ನರಿಗೂ ಇದ್ದ ಸ್ನೇಹ ಎರಡು ಗುಂಪುಗಳ ನಡುವಿನ ಸೇತುವೆಯಾಯಿತು. ಅರವಿಂದರ ಯೋಗ ಇಬ್ಬರನ್ನೂ ಸೆಳೆದಿತ್ತು. ಮಧುರಚೆನ್ನರು ‘ನನ್ನ ನಲ್ಲ’ ಬರೆದರು. ತಮ್ಮ ಅಂತರಂಗದ ಹುಡುಕಾಟವನ್ನು ‘ಪೂರ್ವರಂಗ’, ‘ಕಾಳರಾತ್ರಿ’, ‘ಬೆಳಗು’ ಎಂಬ ಪುಸ್ತಕಗಳಲ್ಲಿ ಬಿಚ್ಚಿಟ್ಟರು. ಆತ್ಮಕತೆಯಲ್ಲಿ ಅಷ್ಟು ನಿಸ್ಸಂಕೋಚವಾಗಿ ಮಾತಾಡುವ ಧೈರ್ಯ, ಅದನ್ನು ಮೊದಲು ಬಾಯಿಬಿಟ್ಟು ಹೇಳಿಕೊಳ್ಳಲು ಗೆಳೆಯರಿದ್ದವರಿಗೆ ಬರುತ್ತದೆ. ಈ ಬಳಗದ ಸಿಂಪಿ ಲಿಂಗಣ್ಣನವರನ್ನು 1993ರಲ್ಲಿ ಕೊಪ್ಪಳದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರನ್ನಾಗಿ ಮಾಡಲಾಯಿತು. ಮಧುರಚೆನ್ನರು ತೀರಿಕೊಂಡು ಆಗಲೇ ನಾಲ್ಕು ದಶಕಗಳಾಗಿದ್ದವು.

ಒಂದು ಕೊರತೆಯನ್ನು ಹೇಳದೆ ಮುಂದೆ ಹೋಗುವುದು ತಪ್ಪಾಗುತ್ತದೆ. ಧಾರವಾಡದ ಗುಂಪೂ ಹಲಸಂಗಿಯ ಬಳಗವೂ ಗಂಡಸರ ಕೂಟಗಳು. ಗರತಿಯ ಹಾಡು ಹಾಡಿದವರು ಪುಸ್ತಕದೊಳಗೆ ಬಂದರು, ಕೂಟದೊಳಗೆ ಬರಲಿಲ್ಲ. ಆ ಕಾಲದ ಹೆಂಗಸು ಬರೆಯುತ್ತಿದ್ದರೆ ಒಬ್ಬಂಟಿಯಾಗಿ, ಹೆಚ್ಚೆಂದರೆ ಅಂಚೆಯ ಮೂಲಕ, ಸಾಹಿತ್ಯದ ನಂಟು ಇಟ್ಟುಕೊಳ್ಳಬೇಕಿತ್ತು. ಕೊಡಗಿನ ಗೌರಮ್ಮನವರನ್ನು ನೋಡಿ. ಕಾಫಿ ತೋಟದ ನಡುವಿನ ಮನೆಯಲ್ಲಿದ್ದುಕೊಂಡು ಕತೆ ಬರೆದ ಈ ತರುಣಿ, 1939ರಲ್ಲಿ ನೀರುಪಾಲಾದಾಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ‘ಕಂಬನಿ’, ‘ಚಿಗುರು’ ಸಂಕಲನಗಳು ಪುಸ್ತಕವಾದದ್ದು ಅವರು ಹೋದ ಮೇಲೆ. ಬೇಂದ್ರೆಯವರು ಅವರನ್ನು ತಂಗಿ ಎಂದು ಕರೆದು ಶೋಕಗೀತೆ ಬರೆದರು. ತಂಗಿ ಎಂದು ಕರೆದ ಕವಿಯ ಪ್ರೀತಿ ದೊಡ್ಡದು. ಆದರೆ ವಾರಕ್ಕೊಮ್ಮೆ ಹೊಸ ಕತೆ ಓದಿ, ‘ಇಲ್ಲಿ ಯಾಕೋ ಎಳೀತದ’ ಎನ್ನುವ ನಾಲ್ಕು ಗೆಳತಿಯರು ಅವರ ಅಂಗಳದಲ್ಲಿ ಇದ್ದಿದ್ದರೆ ಎಂದು ಅವರ ಕತೆ ಓದಿದಾಗಲೆಲ್ಲ ಅನ್ನಿಸದೆ ಇರದು. ಬರೆಯುವ ಹೆಣ್ಣುಮಕ್ಕಳು ತಮ್ಮದೇ ಕರ್ನಾಟಕ ಲೇಖಕಿಯರ ಸಂಘ ಕಟ್ಟಿಕೊಳ್ಳುವ ಹೊತ್ತಿಗೆ 1979 ಆಗಿತ್ತು.

ಗೆಳೆತನದ ಇನ್ನೊಂದು ಪರೀಕ್ಷೆ ಕಷ್ಟಕಾಲದಲ್ಲಿ. 1932ರಲ್ಲಿ ಬೇಂದ್ರೆಯವರ ‘ನರಬಲಿ’ ಕವಿತೆ ರಾಜದ್ರೋಹ ಎಂದು ಬ್ರಿಟಿಷ್ ಸರಕಾರಕ್ಕೆ ಕಂಡಿತು. ಕವಿಗೆ ಸೆರೆಮನೆ, ಆಮೇಲೆ ಧಾರವಾಡದ ಹತ್ತಿರದ ಮುಗದ ಗ್ರಾಮದಲ್ಲಿ ನಿರ್ಬಂಧ. ಹೊರಬಂದ ಮೇಲೆ ಸರಿಯಾದ ನೌಕರಿ ಸಿಗದೆ ಕಳೆದದ್ದು ಸುಮಾರು ಒಂದು ದಶಕ. ಮನೆಯಲ್ಲಿ ಹುಟ್ಟಿದ ಒಂಬತ್ತು ಮಕ್ಕಳಲ್ಲಿ ಉಳಿದದ್ದು ಮೂವರು. ಆ ವರ್ಷಗಳಲ್ಲೇ ‘ಗರಿ’ ಬಂತು, ‘ನಾದಲೀಲೆ’ ಬಂತು. ಸಾಧನಕೇರಿಯ ಮನೆಗೆ ಜನ ಬರುವುದೂ ನಿಲ್ಲಲಿಲ್ಲ. ಕೊನೆಗೆ 1944ರಲ್ಲಿ ಕವಿಗೆ ಅನ್ನ ಕೊಟ್ಟದ್ದು ಸೊಲ್ಲಾಪುರದ ಕಾಲೇಜು. ಮುಗಳಿಯವರು ಬಹುಕಾಲ, ಗೋಕಾಕರು ಕೆಲವು ವರ್ಷ ದುಡಿದದ್ದು ಸಾಂಗ್ಲಿಯಲ್ಲಿ. ಗುಂಪು ಒಡೆಯಲಿಲ್ಲ, ಹೊಟ್ಟೆಪಾಡಿಗೆ ಚದುರಿತು. ಕನ್ನಡ ಕಟ್ಟಲು ಕೂಡಿದವರಿಗೆ ಸಂಬಳ ಸಿಕ್ಕಿದ್ದು ಮರಾಠಿ ಊರುಗಳಲ್ಲಿ ಎಂಬುದನ್ನು ನೆನೆದರೆ ಕರ್ನಾಟಕ ಏಕೀಕರಣದ ಹೋರಾಟ ಎಷ್ಟು ಜನರ ಬದುಕಿನ ಪ್ರಶ್ನೆಯಾಗಿತ್ತು ಎಂಬುದು ಅರ್ಥವಾಗುತ್ತದೆ. 1950ರಲ್ಲಿ ಧಾರವಾಡಕ್ಕೆ ಆಕಾಶವಾಣಿ ಬಂತು. ಎನ್ಕೆ ಅಲ್ಲಿ ದುಡಿದರು, 1956ರಲ್ಲಿ ಸೊಲ್ಲಾಪುರದಿಂದ ಮರಳಿದ ಬೇಂದ್ರೆಯವರು ಅಲ್ಲಿಯೇ ಸಾಹಿತ್ಯ ಸಲಹೆಗಾರರಾದರು. ಮನೆಯ ಪಡಸಾಲೆಯ ಮಾತು ರೇಡಿಯೋದಲ್ಲಿ ಹಳ್ಳಿಹಳ್ಳಿಗೆ ಕೇಳಿಸತೊಡಗಿತು.

ಮಲೆನಾಡಿನ ಕಡೆ ಬಂದರೆ ಸಾಗರದ ಹತ್ತಿರದ ಹೆಗ್ಗೋಡು. ಅಡಿಕೆ ಬೆಳೆಯುವ ಪುಟ್ಟ ಹಳ್ಳಿ. 1949ರಲ್ಲಿ ಊರಿನ ಕೆಲವರು, ಪತ್ರಿಕೆ ಓದಿ ಮಾತಾಡುವುದಕ್ಕೆ, ಬಿಡುವಿನಲ್ಲಿ ನಾಟಕ ಆಡುವುದಕ್ಕೆ ಎಂದು ಕಟ್ಟಿಕೊಂಡ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘವೇ ಇಂದಿನ ನೀನಾಸಮ್. ಮೈಸೂರಿನಲ್ಲಿ ಓದಿ ಊರಿಗೆ ಮರಳಿದ ಕೆ.ವಿ. ಸುಬ್ಬಣ್ಣ ಅದಕ್ಕೆ ಬೆನ್ನೆಲುಬಾದರು. 1957ರಲ್ಲಿ ಅಕ್ಷರ ಪ್ರಕಾಶನ, 1973ರಲ್ಲಿ ಚಿತ್ರಸಮಾಜ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರಿಗೆ ನಾಟಕ ಒಯ್ಯುವ ‘ತಿರುಗಾಟ’. 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಹೆಗ್ಗೋಡನ್ನು ಹುಡುಕಿಕೊಂಡು ಬಂತು. ಇಷ್ಟು ಬೆಳೆದ ಮೇಲೂ ಅಲ್ಲಿಂದ ಹೊರಡುವ ಪತ್ರಿಕೆಯ ಹೆಸರು ‘ಮಾತುಕತೆ’. ವರ್ಷಕ್ಕೊಮ್ಮೆ ನಡೆಯುವ ಸಂಸ್ಕೃತಿ ಶಿಬಿರದಲ್ಲಿ ಉಪನ್ಯಾಸಕ್ಕಿಂತ ಅದರ ಬೆನ್ನಿಗೆ ಬರುವ ಚರ್ಚೆಯೇ ಮುಖ್ಯ. ಊಟದ ಸಾಲಿನಲ್ಲಿ, ಕಷಾಯದ ಲೋಟ ಹಿಡಿದು ಮರದ ಕೆಳಗೆ, ಸಂಜೆಯ ನಾಟಕ ಮುಗಿದ ಮೇಲೆ ಕತ್ತಲಲ್ಲಿ ನಡೆಯುವಾಗ ಅದು ಮುಂದುವರಿಯುತ್ತದೆ. ಹಲಸಂಗಿಗೂ ಹೆಗ್ಗೋಡಿಗೂ ನೇರ ನಂಟಿಲ್ಲ. ಆದರೆ ದೊಡ್ಡ ಊರಿಗೆ ಹೋಗದೆ, ಇದ್ದಲ್ಲಿಯೇ ನಾಲ್ಕು ಜನ ಕೂಡಿ ಓದಿದರೆ ಲೋಕವೇ ಅಲ್ಲಿಗೆ ಬರುತ್ತದೆ ಎಂಬುದನ್ನು ಎರಡೂ ಊರುಗಳು ಮಾಡಿ ತೋರಿಸಿವೆ.

ಈಗಿನ ಸ್ಥಿತಿ ಬೇರೆ. ಸಾಹಿತ್ಯದ ಹೆಸರಲ್ಲಿ ಜನ ಸೇರುವುದಕ್ಕೆ ಕೊರತೆಯಿಲ್ಲ. ಧಾರವಾಡದಲ್ಲೇ 2013ರಲ್ಲಿ ಸಾಹಿತ್ಯ ಸಂಭ್ರಮ ಆರಂಭವಾಯಿತು; ಅದರ ಹಿಂದೆ ಗಿರಡ್ಡಿ ಗೋವಿಂದರಾಜರಂಥ ವಿಮರ್ಶಕರಿದ್ದರು, ಮಾತು ಗಂಭೀರವಾಗಿಯೇ ನಡೆಯಿತು. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಶನಿವಾರ ಬೆಳಗ್ಗೆ ಚಾಪೆ ಹಾಸಿಕೊಂಡು ತಮ್ಮ ತಮ್ಮ ಪುಸ್ತಕ ಹಿಡಿದು ಸದ್ದಿಲ್ಲದೆ ಓದುವ ‘ಕಬ್ಬನ್ ರೀಡ್ಸ್’ ಕೂಟ ಬೇರೆ ಬೇರೆ ನಗರಗಳಿಗೂ ಹಬ್ಬಿದೆ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ‘ಕನ್ನಡ ಸಾಹಿತ್ಯ ರಂಗ’ ಕಟ್ಟಿಕೊಂಡು ಎರಡು ವರ್ಷಕ್ಕೊಮ್ಮೆ ವಸಂತ ಸಾಹಿತ್ಯೋತ್ಸವ ಮಾಡುತ್ತಾರೆ, ಅಲ್ಲಿನವರು ಬರೆದದ್ದನ್ನು ಪುಸ್ತಕವಾಗಿ ತರುತ್ತಾರೆ. ಇವೆಲ್ಲ ಬೇಕು. ಆದರೆ ಉತ್ಸವದ ವೇದಿಕೆಗೆ ಬರುವುದು ಮುಗಿದ ಪುಸ್ತಕ, ಮೌನದ ಓದಿಗೆ ಬರುವುದೂ ಮುಗಿದ ಪುಸ್ತಕವೇ. ಅರ್ಧ ಬರೆದ ಕತೆ, ಕೊನೆ ಸಿಗದ ಕವಿತೆ, ಎರಡನೆಯ ಅಂಕದಲ್ಲಿ ಸಿಕ್ಕಿಕೊಂಡ ನಾಟಕ ಇವುಗಳಿಗೆ ಜಾಗ ಬೇರೆಯದೇ ಬೇಕು.

ಅಂಥ ಜಾಗಗಳು ಇನ್ನೂ ಇವೆ, ಹೆಚ್ಚಾಗಿ ಯಾರದೋ ಮನೆಯ ಪಡಸಾಲೆಯಲ್ಲಿ, ತಿಂಗಳ ಒಂದು ಭಾನುವಾರ. ಏಳೆಂಟು ಮಂದಿ. ಒಬ್ಬರು ಬ್ಯಾಂಕಿನಲ್ಲಿದ್ದರೆ ಇನ್ನೊಬ್ಬರು ಮೇಷ್ಟ್ರು, ಮತ್ತೊಬ್ಬರು ಸಾಫ್ಟ್‌ವೇರಿನವರು. ಕತೆ ಬರೆದವರು ಹಾಳೆ ಹಿಡಿದು ಗಟ್ಟಿಯಾಗಿ ಓದತೊಡಗುತ್ತಾರೆ. ಗಟ್ಟಿ ಓದಿನಲ್ಲಿ ಒಂದು ನಿರ್ದಾಕ್ಷಿಣ್ಯ ಗುಣವಿದೆ: ಕಣ್ಣಿಗೆ ಕಾಣದ ತಪ್ಪು ನಾಲಗೆಗೆ ತೊಡರುತ್ತದೆ. ಉದ್ದನೆಯ ವಾಕ್ಯಕ್ಕೆ ಉಸಿರು ಸಾಲುವುದಿಲ್ಲ. ಪಾತ್ರದ ಬಾಯಲ್ಲಿ ಪುಸ್ತಕದ ಕನ್ನಡ ಬಂದರೆ ಓದುವವರಿಗೇ ಮುಜುಗರವಾಗುತ್ತದೆ. ಮೂರನೆಯ ಪುಟದ ಹೊತ್ತಿಗೆ ಯಾರೋ ಕಾಲು ಬದಲಿಸಿ ಕೂರುತ್ತಾರೆ, ಇನ್ಯಾರದೋ ಕೈ ಚಕ್ಕುಲಿ ತಟ್ಟೆಯತ್ತ ಹೋಗುತ್ತದೆ. ಅಲ್ಲೇ ಕತೆ ಸಡಿಲಾಗಿದೆ ಎಂದು ಬರೆದವರಿಗೆ ತಿಳಿದುಬಿಡುತ್ತದೆ. ಓದು ಮುಗಿದ ಮೇಲೆ ಒಂದು ಗಳಿಗೆ ಯಾರೂ ಮಾತಾಡುವುದಿಲ್ಲ. ಮೊದಲು ಬರುವ ಮಾತು ಸಾಮಾನ್ಯವಾಗಿ ‘ಚೆನ್ನಾಗಿದೆ’. ಅದಕ್ಕೆ ಬೆಲೆ ಕಡಿಮೆ. ಎರಡನೆಯದೋ ಮೂರನೆಯದೋ ಮಾತು, ‘ಆ ಅಜ್ಜಿ ಯಾಕೆ ಸಾಯಬೇಕು?’ ಎಂಬಂಥದ್ದು, ಕತೆಯನ್ನು ಮತ್ತೆ ಬಿಚ್ಚಿಸುತ್ತದೆ.

ಇಂಥ ಕೂಟಗಳಿಗೆ ಬರುವ ರೋಗವೂ ಗೊತ್ತಿರುವಂಥದ್ದೇ. ವರ್ಷ ಎರಡು ವರ್ಷ ಕಳೆದಂತೆ ಎಲ್ಲರೂ ಎಲ್ಲರನ್ನೂ ಹೊಗಳತೊಡಗುತ್ತಾರೆ. ಒಬ್ಬರ ಪುಸ್ತಕ ಬಿಡುಗಡೆಗೆ ಇನ್ನೊಬ್ಬರು ಅತಿಥಿ, ಒಬ್ಬರ ಬೆನ್ನುಡಿ ಇನ್ನೊಬ್ಬರದು. ಮಾತು ನೋಯಿಸೀತೆಂಬ ಅಂಜಿಕೆಯಲ್ಲಿ ಮಾತೇ ನಿಂತುಹೋಗುತ್ತದೆ. ಅಟ್ಟದ ಕೂಟವನ್ನು ಕಾಪಾಡಿದ್ದು ಅಲ್ಲಿ ಕುರ್ತಕೋಟಿಯಂಥ ಒಬ್ಬರು ಇದ್ದದ್ದು. ಇಡೀ ಕನ್ನಡ ನಾಟಕದಲ್ಲಿ ಏನಿಲ್ಲ ಎಂಬುದನ್ನು ಅಚ್ಚಿನಲ್ಲಿ ಹೇಳಬಲ್ಲ ಓದು ಅವರಿಗಿತ್ತು. ಅವರ ಮಾತನ್ನು ಸಿಟ್ಟಿಲ್ಲದೆ ಒಳಗೆ ತೆಗೆದುಕೊಳ್ಳುವ ಗಟ್ಟಿತನ ಕಾರ್ನಾಡರಿಗಿತ್ತು. ಈ ಎರಡನೆಯ ಗುಣವನ್ನು ಯಾರೂ ಅಷ್ಟಾಗಿ ನೆನೆಯುವುದಿಲ್ಲ. ಅದು ಮೊದಲಿನದಕ್ಕಿಂತ ಅಪರೂಪ.

ಇನ್ನೊಂದು ತೊಂದರೆ ಜಾಗದ್ದು. ಇಂದಿನ ಕೂಟಗಳಲ್ಲಿ ಹೆಚ್ಚಿನವು ಬೆಂಗಳೂರು, ಮೈಸೂರು, ಧಾರವಾಡ, ಮಂಗಳೂರಿನಂಥ ಊರುಗಳಲ್ಲಿವೆ. ಹಲಸಂಗಿಯಂಥ ಹಳ್ಳಿಯಲ್ಲಿ ಬರೆಯುವ ಹುಡುಗಿಗೆ ಪಡಸಾಲೆ ಬಿಟ್ಟುಕೊಡುವವರು ಯಾರು? ನೂರು ವರ್ಷದ ಹಿಂದೆ ಗೆಳೆಯರು ಸ್ವಂತ ದುಡ್ಡಿನಲ್ಲಿ ವಾಚನಾಲಯ ಮಾಡಿಕೊಳ್ಳಬೇಕಿತ್ತು. ಇಂದು ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಂಥಾಲಯಗಳಿವೆ. 2019ರ ನಂತರ ಅವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೆಳಗೆ ಬಂದು ‘ಅರಿವು ಕೇಂದ್ರ’ ಎಂಬ ಹೆಸರು ಪಡೆದಿವೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು, ಬಣ್ಣದ ಪುಸ್ತಕ ನೋಡುವ ಮಕ್ಕಳು ಅಲ್ಲಿ ಕೂರುತ್ತಾರೆ. ಹಲವು ಕಡೆ ಗೋಡೆಗೆ ಚೆಂದದ ಚಿತ್ರಗಳೂ ಬಂದಿವೆ. ಮೇಜು ಇದೆ, ದೀಪ ಇದೆ, ಬೀಗದ ಕೈ ಇರುವ ಮೇಲ್ವಿಚಾರಕರಿದ್ದಾರೆ. ‘ಸದ್ದು ಮಾಡಬೇಡಿ’ ಎಂಬ ಫಲಕವನ್ನು ತಿಂಗಳಿಗೆ ಒಂದು ಸಂಜೆ ಗೋಡೆಯಿಂದ ಇಳಿಸಿಟ್ಟು, ಊರಿನಲ್ಲಿ ಬರೆಯುವವರಿಗೆ ಗಟ್ಟಿಯಾಗಿ ಓದಲು ಆ ಕೋಣೆ ಬಿಟ್ಟುಕೊಡುವುದಕ್ಕೆ ಹೊಸ ಯೋಜನೆಯಾಗಲೀ ಅನುದಾನವಾಗಲೀ ಬೇಕಿಲ್ಲ. ಪಂಚಾಯಿತಿ ಒಂದು ನಿರ್ಣಯ ಮಾಡಿದರೆ ಸಾಕು. ಶಾಲೆಯ ಕನ್ನಡ ಮೇಷ್ಟ್ರಿಗೂ, ಸ್ತ್ರೀಶಕ್ತಿ ಸಂಘದಲ್ಲಿ ಇಂದಿಗೂ ಹಾಡು ಬಲ್ಲ ಹಿರಿಯ ಹೆಣ್ಣುಮಕ್ಕಳಿಗೂ, ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಕವಿತೆ ಬರೆದು ಯಾರಿಗೂ ತೋರಿಸದ ಪಿಯುಸಿ ಹುಡುಗಿಗೂ ಹೇಳಿಕಳಿಸಿದರೆ ಮೊದಲ ಸಂಜೆಗೆ ಬೇಕಾದಷ್ಟು ಜನರಾಗುತ್ತಾರೆ.